ಪಾಷಾಣದ ನೆಲದಲ್ಲಿ ಬೇರಿನ ನೆಂಟ

ಉಕ್ಕಡಗಾತ್ರಿಯ ಬಳಿ, ತುಂಗಭದ್ರೆಯ ದಂಡೆಯ ಹೊಲದಲ್ಲಿ ಒಂದು ಮೆಕ್ಕೆಜೋಳದ ಗಿಡವನ್ನು ಮೆಲ್ಲಗೆ ಅಗೆದು ನೋಡಿ. ಬೇರಿಗೆ ಮಣ್ಣು ಮೆತ್ತಿಕೊಂಡಿರುತ್ತದೆ. ಆದರೆ ಬರಿಗಣ್ಣಿಗೆ ಕಾಣದ ಒಬ್ಬ ನೆಂಟನೂ ಅಲ್ಲಿರುತ್ತಾನೆ. ಅದೊಂದು ಶಿಲೀಂಧ್ರ. ಕೂದಲಿಗಿಂತ ಸಪೂರವಾದ ಎಳೆಗಳನ್ನು ದೂರಕ್ಕೆ ಚಾಚಿ, ಬೇರಿಗೆ ಎಟುಕದ ರಂಜಕವನ್ನು ಅದು ತಂದುಕೊಡುತ್ತದೆ. ಪ್ರತಿಯಾಗಿ ಗಿಡ ತಾನು ತಯಾರಿಸಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ಈ ಕೂಡುಬಾಳ್ವೆಗೆ ಮೈಕೊರೈಜಾ ಎಂದು ಹೆಸರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಡಿ.ಜೆ. ಭಾಗ್ಯರಾಜ್ ಅವರು ಇದರ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ.

ಮಣ್ಣಿನಲ್ಲಿ ವಿಷವಿದ್ದರೆ ಈ ನೆಂಟಸ್ತನ ಏನಾಗುತ್ತದೆ? ಅಂಥ ನೆಲ ನಮ್ಮ ರಾಜ್ಯದಲ್ಲೇ ಇದೆ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಸುತ್ತ, ಹಳೆಯ ಚಿನ್ನದ ಗಣಿಯ ಆಸುಪಾಸಿನ ಬಂಡೆಗಳಲ್ಲಿ ಆರ್ಸೆನಿಕ್ ಇದೆ. ಅದು ಕೊಳವೆಬಾವಿಯ ನೀರಿಗೂ ಇಳಿದಿತ್ತು. ಆ ನೀರು ಕುಡಿದವರ ಚರ್ಮದ ಮೇಲೆ ಕಲೆ, ಗಂಟು ಎದ್ದಿದ್ದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು.

ಆವರ್ತಕ ಕೋಷ್ಟಕ ತೆರೆದು ನೋಡಿ. 15ನೆಯ ಧಾತು ರಂಜಕ. ಅದರ ನೇರ ಕೆಳಗೆ 33ನೆಯದು ಆರ್ಸೆನಿಕ್. ಒಂದೇ ಮನೆತನ, ಒಂದೇ ಮುಖಚಹರೆ. ಫಾಸ್ಫೇಟಿಗೆಂದು ಬೇರು ತೆರೆದಿಟ್ಟ ಬಾಗಿಲಿನಲ್ಲಿಯೇ ಆರ್ಸೆನೇಟ್ ನುಗ್ಗುತ್ತದೆ. ಒಳಹೊಕ್ಕ ಮೇಲೆ ಜೀವಕೋಶದ ಶಕ್ತಿಯ ವ್ಯವಹಾರವನ್ನೇ ಕೆಡಿಸುತ್ತದೆ. ಉಪವಾಸವಿದ್ದು ಬಾಗಿಲು ಮುಚ್ಚೋಣವೆಂದರೆ ರಂಜಕವಿಲ್ಲದೆ ಗಿಡ ಬದುಕದು.

ಇಲ್ಲಿ ನೆಂಟ ಒದಗಿಬರುತ್ತಾನೆ. ಶಿಲೀಂಧ್ರ ಬೇರೊಂದು ದಾರಿಯಿಂದ ರಂಜಕ ತಂದುಕೊಡುವುದರಿಂದ ಗಿಡ ತನ್ನ ಬಾಗಿಲುಗಳಲ್ಲಿ ಕೆಲವನ್ನು ಮುಚ್ಚಿಕೊಳ್ಳಬಹುದು. ಹೀಗಾಗಿ ಅನೇಕ ಪ್ರಯೋಗಗಳಲ್ಲಿ ಶಿಲೀಂಧ್ರವಿದ್ದ ಗಿಡಗಳು ಹೆಚ್ಚು ರಂಜಕ, ಕಡಿಮೆ ಆರ್ಸೆನಿಕ್ ಹೀರಿವೆ. ಎಲ್ಲ ಗಿಡ, ಎಲ್ಲ ಶಿಲೀಂಧ್ರಗಳಲ್ಲೂ ಫಲ ಒಂದೇ ಅಲ್ಲ. ನುಸುಳಿಬಂದ ವಿಷವನ್ನು ಗಿಡವು ಗಂಧಕವಿರುವ ಅಣುಗಳಿಂದ ಕಟ್ಟಿಹಾಕಿ, ಜೀವಕೋಶದ ರಸದಾನಿಯಲ್ಲಿ ಕೂಡಿಹಾಕುತ್ತದೆ.

ಚೀನಾ ಬ್ರೇಕ್ ಎಂಬ ಜರೀಗಿಡದ್ದಂತೂ ತದ್ವಿರುದ್ಧ ನಡತೆ. ಅದು ಆರ್ಸೆನಿಕ್ಕನ್ನು ಹೀರಿ ಎಲೆಗಳಲ್ಲಿ ತುಂಬಿಕೊಳ್ಳುತ್ತದೆ ಎಂದು 2001ರಲ್ಲಿ ಫ್ಲಾರಿಡಾದ ವಿಜ್ಞಾನಿಗಳು ತೋರಿಸಿದರು. ಅದರ ಒಣ ಎಲೆಯ ತೂಕದಲ್ಲಿ ಶೇಕಡಾ 2ಕ್ಕೂ ಹೆಚ್ಚು ಆರ್ಸೆನಿಕ್ ಸಿಕ್ಕಿತು! ಕೆಟ್ಟ ನೆಲವನ್ನು ತೊಳೆಯಲು ಇದನ್ನು ಬೆಳೆಸಬಹುದು. ಆದರೆ ಕೊಯ್ದ ಎಲೆಯನ್ನು ದನಕ್ಕೆ ಹಾಕುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ.

ಭತ್ತದ ಕಥೆ ಇನ್ನೂ ಬೇರೆ. ನೀರು ನಿಂತ ಗದ್ದೆಯಲ್ಲಿ ಆರ್ಸೆನಿಕ್ ರೂಪ ಬದಲಿಸಿ, ಸಿಲಿಕಾನ್ ಹೋಗುವ ದಾರಿಯಲ್ಲಿ ಒಳಸೇರುತ್ತದೆ. ವಿಷವಿರುವ ಕಡೆ ಗದ್ದೆಯನ್ನು ನಡುನಡುವೆ ಆರಲು ಬಿಟ್ಟರೆ ಅಕ್ಕಿಗೆ ಸೇರುವ ಪಾಲು ತಗ್ಗುತ್ತದೆ.

ಗಿಡಕ್ಕೆ ನೆಂಟನಿದ್ದಾನೆ, ಮನುಷ್ಯನಿಗೆ ಅಂಥ ನೆಂಟನಿಲ್ಲ. ಆರ್ಸೆನಿಕ್ಕಿಗೆ ಬಣ್ಣವಿಲ್ಲ, ರುಚಿಯಿಲ್ಲ. ನೀರು ಕುದಿಸಿದರೂ ಹೋಗದು. ಕುಡಿಯುವ ನೀರಿನ ಲೀಟರಿಗೆ 10 ಮೈಕ್ರೋಗ್ರಾಮ್ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದನ್ನು ನಾಲಿಗೆ ಅಳೆಯಲಾರದು, ಪ್ರಯೋಗಾಲಯ ಅಳೆಯಬಲ್ಲದು. ಹೊಸ ಕೊಳವೆಬಾವಿ ಕೊರೆಸಿದಾಗ ಎಷ್ಟು ಇಂಚು ನೀರು ಬಿತ್ತೆಂದು ಎಲ್ಲರೂ ಕೇಳುತ್ತಾರೆ. ಆ ನೀರಿನಲ್ಲಿ ಏನಿದೆ ಎಂದು ಕೇಳುವ ಮಗು ಮನೆಯಲ್ಲೊಂದು ಇರಲಿ.