ಬ್ರೇಕ್ ಬ್ಲೀಡಿಂಗ್‌ಗೆ ಮನೆಯಲ್ಲೇ ಮಾಡಿದ ಪಂಪು: ಲೆಕ್ಕ ಎಷ್ಟು, ಎಲ್ಲಿ ಉಳಿಸಬಾರದು

ಈ ವಾರ ಷೇರು, ಫಂಡು, ಡಾಲರ್-ರೂಪಾಯಿ ಯಾವುದೂ ಇಲ್ಲ. ಎರಡು-ಮೂರು ವರ್ಷಕ್ಕೊಮ್ಮೆ ಗ್ಯಾರೇಜಿನವರು ಹೇಳುವ ಒಂದು ಖರ್ಚಿನ ಬಗ್ಗೆ ಬರೆಯುತ್ತಿದ್ದೇನೆ: ಬ್ರೇಕ್ ಫ್ಲೂಯಿಡ್ ಬದಲಾವಣೆ. ಅಮೆರಿಕದ ನಮ್ಮ ಊರಿನಲ್ಲಿ ಸುಮಾರು 130 ಡಾಲರ್. ಕಾರು ಚೆನ್ನಾಗೇ ನಿಲ್ಲುತ್ತಿದೆಯಲ್ಲ, ಮುಂದಿನ ಸಲ ನೋಡೋಣ ಅಂತ ನಮ್ಮಲ್ಲಿ ಬಹಳ ಜನ ತಳ್ಳಿಬಿಡುತ್ತಾರೆ.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಮುಚ್ಚಳ ತೆಗೆದಿಟ್ಟ ಬೆಲ್ಲದ ಡಬ್ಬಿಯ ಹಾಗೆ. ಹೊಸ ಡಾಟ್ 3 ಫ್ಲೂಯಿಡ್‌ನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ಬೆಟ್ಟದ ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಕ್ಯಾಲಿಪರ್ ಕಾಯುತ್ತದೆ, ಹಳೆಯ ಫ್ಲೂಯಿಡ್ ಕುದಿಯಬಹುದು. ಆಗ ನಿಮ್ಮ ಕಾಲಿನ ಬಲವೆಲ್ಲ ಆವಿಯ ಗುಳ್ಳೆಯನ್ನು ಅದುಮುವುದಕ್ಕೇ ಹೋಗಿ ಪೆಡಲ್ ನೆಲ ಮುಟ್ಟುತ್ತದೆ. ದಿನಾ ಆಫೀಸಿಗೆ ಹೋಗಿಬರುವಾಗ ಇದರ ಸುಳಿವೇ ಸಿಗುವುದಿಲ್ಲ.

ಹಳೆಯ ವಿಧಾನಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಬ್ಲೀಡರ್ ಸ್ಕ್ರೂ ತೆಗೆದು ಮುಚ್ಚಬೇಕು. ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ ಗಂಟೆಗಟ್ಟಲೆ ‘ಒತ್ತು, ಬಿಡು’ ಅನ್ನುವುದು ಸಂಸಾರಕ್ಕೆ ಒಳ್ಳೆಯದಲ್ಲ.

ಒತ್ತಡದ ಪಂಪು ಇದ್ದರೆ ಒಬ್ಬರೇ ಸಾಕು. ತೋಟಕ್ಕೆ ಔಷಧಿ ಹೊಡೆಯುವ ಕೈಪಂಪಿನ ಸ್ಪ್ರೇಯರ್, ಹೊಸದೇ ಆಗಿರಲಿ. ಅದರ ನಳಿಕೆ ತೆಗೆದು ಪಾರದರ್ಶಕ ಪೈಪ್ ಹಾಕಿ, ನಡುವೆ 0-30 ಪಿಎಸ್‌ಐ ಗೇಜ್ ಕೂರಿಸಿ. ನಿಮ್ಮ ಕಾರಿನ ಫ್ಲೂಯಿಡ್ ಡಬ್ಬಿಗೆ ಹೊಂದುವ ಇನ್ನೊಂದು ಮುಚ್ಚಳ ಕೊಂಡು, ತೂತು ಕೊರೆದು, ರಬ್ಬರ್ ವಾಷರ್ ಸಮೇತ ಹಿತ್ತಾಳೆ ಫಿಟಿಂಗ್ ಬಿಗಿಯಿರಿ. ಇಡೀ ಸಾಧನದ ಜೀವ ಈ ಮುಚ್ಚಳದಲ್ಲಿದೆ. ಮೊದಲು 10 ಪಿಎಸ್‌ಐ ಗಾಳಿ ತುಂಬಿ ಐದು ನಿಮಿಷ ಬಿಡಿ. ಮುಳ್ಳು ಇಳಿದರೆ ಕೆಲಸ ಶುರು ಮಾಡಬೇಡಿ.

ಕೆಲವರು ಸ್ಪ್ರೇಯರ್ ಒಳಗೇ ಫ್ಲೂಯಿಡ್ ತುಂಬುತ್ತಾರೆ. ನನಗೆ ಒಪ್ಪಿಗೆಯಿಲ್ಲ, ಅದರ ರಬ್ಬರುಗಳು ಬ್ರೇಕ್ ಫ್ಲೂಯಿಡ್‌ಗೆ ಮಾಡಿದವಲ್ಲ. ಬರೀ ಗಾಳಿ ಸಾಕು. ಪ್ರತಿ ಚಕ್ರ ಮುಗಿದ ಮೇಲೆ ಒತ್ತಡ ಪೂರ್ತಿ ಇಳಿಸಿ, ಮುಚ್ಚಳ ತೆಗೆದು ಡಬ್ಬಿ ತುಂಬಿಸಿ. ಡಬ್ಬಿ ಮಧ್ಯದಲ್ಲಿ ಖಾಲಿಯಾದರೆ ಗಾಳಿ ಎಬಿಎಸ್‌ವರೆಗೂ ಹೋಗಬಹುದು, ಆಗ ಗ್ಯಾರೇಜೇ ಗತಿ. ಒತ್ತಡ 15 ಪಿಎಸ್‌ಐ ದಾಟುವುದು ಬೇಡ.

ಲೆಕ್ಕಕ್ಕೆ ಬರೋಣ. ಸಾಧನಕ್ಕೆ ಸುಮಾರು 40 ಡಾಲರ್, ಫ್ಲೂಯಿಡ್‌ಗೆ 12. ಮೊದಲ ಸಲವೇ 78 ಉಳಿತಾಯ, ಎರಡನೇ ಕಾರಿಗೆ 118. ಇದರಿಂದ ಯಾರೂ ಶ್ರೀಮಂತರಾಗಲ್ಲ. ಆದರೆ 12 ಡಾಲರ್ ಕೆಲಸವನ್ನು ಯಾರೂ ಮುಂದೂಡುವುದಿಲ್ಲ, ನನ್ನ ಮಟ್ಟಿಗೆ ನಿಜವಾದ ಲಾಭ ಅಲ್ಲಿದೆ. ಗಂಟೆಯ ಸಂಬಳ ಹಿಡಿದು ಇದು ನಷ್ಟ ಎಂದು ವಾದಿಸುವ ಎಂಬಿಎ ಗೆಳೆಯರಿದ್ದಾರೆ; ಶನಿವಾರ ಬೆಳಿಗ್ಗೆಗೆ ಅವರಿಗೆ ಸಂಬಳ ಕೊಡುವವರು ಯಾರೋ!

ಉಳಿಸಬಾರದ ಕಡೆ ಉಳಿಸಬೇಡಿ. ಕಳೆದ ವರ್ಷ ತೆರೆದ ಬಾಟಲಿ ಬೇಡ, ಸೀಲ್ ಇರುವ ಹೊಸದೇ ಬೇಕು. ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಇಡಿ. ಯಾವ ಚಕ್ರ ಮೊದಲು ಎಂಬುದನ್ನು ಕಾರಿನ ಸರ್ವಿಸ್ ಮ್ಯಾನ್ಯುಯಲ್ ನೋಡಿ ಮಾಡಿ. ತುಕ್ಕು ಹಿಡಿದ ಸ್ಕ್ರೂ ಅಲುಗದಿದ್ದರೆ ಬಲ ಹಾಕದೆ ಅಲ್ಲಿಗೇ ಬಿಟ್ಟು ಮೆಕ್ಯಾನಿಕ್‌ಗೆ ತೋರಿಸಿ. ಕೊನೆಗೆ ಎಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿ. ಮೆತ್ತಗಿದ್ದರೆ ಕಾರು ಡ್ರೈವ್‌ವೇ ದಾಟಬಾರದು. ಹಳೆಯ ಫ್ಲೂಯಿಡ್ ಮೋರಿಗೆ ಸುರಿಯದೆ ಬಾಟಲಿಗೆ ಹಾಕಿ, ನಿಮ್ಮ ಊರಿನ ಅಪಾಯಕಾರಿ ಕಸ ಸಂಗ್ರಹ ಕೇಂದ್ರಕ್ಕೆ ಕೊಡಿ.