ದಿನಚರಿಯಲ್ಲಿ ವ್ಯಾಯಾಮ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪ್ರದೇಶಗಳು ಬಹುಮಟ್ಟಿಗೆ ಕಪ್ಪು ಮಣ್ಣಿನ ಬಯಲು ಸೀಮೆ. ಉತ್ತರದ ಅಂಚಿನಲ್ಲಿ ಭೀಮೆ, ದಕ್ಷಿಣದ ಅಂಚಿನಲ್ಲಿ ಕೃಷ್ಣೆ, ನಡುವೆ ಡೋಣಿ ಹರಿಯುವ ಈ ನಾಡಿನಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ನೆಲವನ್ನು ನಂಬಿ ಬದುಕಿದ ಇಲ್ಲಿನ ಹಿರಿಯರ ಮುಂದೆ ಯಾರಾದರೂ ವ್ಯಾಯಾಮದ ಮಹತ್ವವನ್ನು ವಿವರಿಸಲು ಹೊರಟಿದ್ದರೆ ಅವರು ನಕ್ಕು ಸುಮ್ಮನಾಗುತ್ತಿದ್ದರು. ಹೊತ್ತು ಮೂಡುವ ಮೊದಲೇ ಎದ್ದು, ದೂರದ ಹೊಲಕ್ಕೆ ನಡೆದು, ದಿನವಿಡೀ ದುಡಿದು, ಕತ್ತಲಾದ ಮೇಲೆ ಮನೆಗೆ ಮರಳುವವನಿಗೆ ಮತ್ತೆ ವ್ಯಾಯಾಮವೇಕೆ?

ಅವರ ನಗು ಸಕಾರಣವಾದುದೇ ಆಗಿತ್ತು. ರಂಟೆ ಹೊಡೆಯುವುದು, ಕುಂಟೆಯ ಹಿಂದೆ ನಡೆಯುವುದು, ಕೂರಿಗೆಯಿಂದ ಬಿತ್ತುವುದು, ಮಾಗಿದ ಬಿಳಿಜೋಳವನ್ನು ಬೇರುಸಹಿತ ಕೀಳುವುದು, ಕಣದಲ್ಲಿ ಹಂತಿಯ ಎತ್ತುಗಳೊಡನೆ ಸುತ್ತುವುದು, ರಾಶಿ ತೂರುವುದು, ಚೀಲ ಹೊರುವುದು, ಇವುಗಳಲ್ಲಿ ದೇಹದ ಯಾವ ಅಂಗಕ್ಕೆ ತಾನೇ ಕೆಲಸವಿರಲಿಲ್ಲ? ಒಂದು ಎಕರೆ ನೆಲವನ್ನು ಎತ್ತಿನಿಂದ ಉಳುವವನು ಅದಕ್ಕಾಗಿ ಹಲವು ಕಿಲೋಮೀಟರು ನಡೆಯಬೇಕಾಗುತ್ತದೆ. ಅವನು ಆ ದೂರವನ್ನು ಎಣಿಸುತ್ತಿರಲಿಲ್ಲ, ಅಷ್ಟೆ.

ಹೆಣ್ಣುಮಕ್ಕಳ ದುಡಿಮೆಯಂತೂ ಇದಕ್ಕಿಂತ ಮೊದಲೇ ಆರಂಭವಾಗುತ್ತಿತ್ತು. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ಆ ದಿನದ ರೊಟ್ಟಿಗೆ ಬೇಕಾದ ಜೋಳವನ್ನು ಬೀಸಬೇಕು. ಆಮೇಲೆ ಬಾವಿಯಿಂದಲೋ ಹಳ್ಳದಿಂದಲೋ ನೀರು ತರಬೇಕು. ಬೀಸುವ ಶ್ರಮವನ್ನು ಮರೆಯಲು ಅವರು ಹಾಡಿಕೊಳ್ಳುತ್ತಿದ್ದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರ ಗುಂಪು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಹಲಸಂಗಿ ಅಂದು ಇಂಡಿ ತಾಲ್ಲೂಕಿಗೆ ಸೇರಿದ್ದ ಊರು. ಕನ್ನಡ ಜಾನಪದದ ಅಮೂಲ್ಯ ಸಂಪತ್ತು ಹೀಗೆ ತೋಳುಗಳ ದುಡಿಮೆಯೊಡನೆ ಹುಟ್ಟಿ ಬಂದಿತು. ಕಲ್ಲು ತಿರುಗುವ ಲಯಕ್ಕೂ ಹಾಡಿನ ಲಯಕ್ಕೂ ಇದ್ದ ಸಂಬಂಧ ಕೇಳಿದವರಿಗೆಲ್ಲ ತಿಳಿದಿತ್ತು.

ಇಂದು ಬೀಸುಕಲ್ಲು ಅನೇಕ ಮನೆಗಳಲ್ಲಿ ಮೂಲೆ ಸೇರಿದೆ. ಹಿಟ್ಟಿನ ಗಿರಣಿ, ನಲ್ಲಿಯ ನೀರು, ಟ್ರ್ಯಾಕ್ಟರು, ರಾಶಿಯ ಯಂತ್ರ, ಮೋಟಾರು ಸೈಕಲ್ಲು ಇವು ಒಂದೊಂದಾಗಿ ಹಳ್ಳಿಯನ್ನು ಹೊಕ್ಕವು. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟೆಯಿಂದ ಕಾಲುವೆಯ ನೀರು ಹರಿದ ಕಡೆಗಳಲ್ಲಿ ಬೆಳೆಯ ಕ್ರಮವೂ ಬದಲಾಯಿತು. ಇದನ್ನು ಕಂಡು ಮರುಗುವವರು ಕೆಲವರಿದ್ದಾರೆ. ಆದರೆ ಮರುಗುವುದು ಸರಿಯಲ್ಲ. ನಸುಕಿನ ನಿದ್ದೆಯನ್ನು ಕಳೆದುಕೊಂಡು ಜೀವಮಾನವಿಡೀ ಕಲ್ಲು ತಿರುಗಿಸಿದ ತಾಯಂದಿರ ಬೆನ್ನುನೋವನ್ನೂ ಬಾವುಗೊಂಡ ಕೈಗಳನ್ನೂ ಬಲ್ಲವರು ಬೀಸುಕಲ್ಲು ಮರಳಿ ಬರಲೆಂದು ಹಾರೈಸಲಾರರು. ಅದು ಅವರು ಆರಿಸಿಕೊಂಡ ವ್ಯಾಯಾಮವಾಗಿರಲಿಲ್ಲ. ಬೇರೆ ದಾರಿಯಿಲ್ಲದೆ ಹೊತ್ತ ಹೊರೆಯಾಗಿತ್ತು. ಹೊರೆ ಇಳಿದುದು ಒಳ್ಳೆಯದೇ ಆಯಿತು. ಆದರೆ ಹೊರೆಯೊಡನೆ ಮತ್ತೊಂದು ವಸ್ತುವೂ ಯಾರ ಗಮನಕ್ಕೂ ಬಾರದಂತೆ ಇಳಿದುಹೋಯಿತು. ಅದೆಂದರೆ ದೇಹದ ಚಲನೆ. ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಂತೆ ಈ ಚಲನೆಯನ್ನು ಯಂತ್ರಕ್ಕೆ ಒಪ್ಪಿಸಲು ಬರುವುದಿಲ್ಲ.

ಮಾನವ ಶರೀರವು ಬಳಸಿದಷ್ಟೂ ಬಲಗೊಳ್ಳುವ, ಬಳಸದಿದ್ದರೆ ಸೊರಗುವ ವಿಚಿತ್ರ ರಚನೆ. ಬಂಡಿಯ ಅಚ್ಚು ತಿರುಗಿದಷ್ಟೂ ಸವೆಯುತ್ತದೆ; ಎತ್ತಿನ ಹೆಗಲು ದುಡಿದಷ್ಟೂ ಗಟ್ಟಿಯಾಗುತ್ತದೆ. ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡವನು ಕೆಲವು ವಾರಗಳ ಅನಂತರ ಅದನ್ನು ಬಿಚ್ಚಿ ನೋಡಿದರೆ ಆ ಕೈ ಇನ್ನೊಂದಕ್ಕಿಂತ ತೆಳುವಾಗಿರುವುದು ಕಾಣುತ್ತದೆ. ಮೂಳೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ವಾಸಿಸುವ ಯಾತ್ರಿಗಳಿಗೆ ಮೈಯ ಭಾರದ ಅನುಭವವಿರುವುದಿಲ್ಲ. ಕಾಲು ಊರಿ ನಿಲ್ಲುವ ಪ್ರಸಂಗವೇ ಇಲ್ಲದುದರಿಂದ ಅವರ ಸೊಂಟದ ಮತ್ತು ತೊಡೆಯ ಮೂಳೆಗಳು ತಿಂಗಳಿಗೆ ಶೇಕಡಾ 1ರಷ್ಟು ಅಥವಾ ಅದಕ್ಕೂ ತುಸು ಹೆಚ್ಚಾಗಿ ಸಾರವನ್ನು ಕಳೆದುಕೊಳ್ಳುತ್ತವೆ. ಆದುದರಿಂದ ಅವರು ಪ್ರತಿದಿನವೂ ಸುಮಾರು ಎರಡು ಗಂಟೆಗಳ ಕಾಲ ಕಡ್ಡಾಯವಾಗಿ ವ್ಯಾಯಾಮ ಮಾಡುತ್ತಾರೆ. ಆಕಾಶಕ್ಕೆ ಏರಿದವರಿಗೂ ಅಂಗಸಾಧನೆ ತಪ್ಪಲಿಲ್ಲ!

ನಡೆದಾಡುವ ಕೆಲಸಕ್ಕೂ ಕುಳಿತು ಮಾಡುವ ಕೆಲಸಕ್ಕೂ ಇರುವ ಅಂತರವನ್ನು ಮೊದಲಿಗೆ ಅಂಕಿಗಳಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ವೈದ್ಯವಿಜ್ಞಾನಿ ಜೆರ‍್ರಿ ಮಾರಿಸ್. ಲಂಡನ್ ನಗರದ ಎರಡು ಅಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವಿಡೀ ಕುಳಿತೇ ಇರುತ್ತಿದ್ದನು. ನಿರ್ವಾಹಕನು ಟಿಕೆಟ್ಟು ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದನು. ಇಬ್ಬರದೂ ಒಂದೇ ಬಸ್ಸು, ಒಂದೇ ನಗರ, ಹೆಚ್ಚುಕಡಮೆ ಒಂದೇ ಬಗೆಯ ಜೀವನ. ಆದರೂ ಚಾಲಕರಿಗಿಂತ ನಿರ್ವಾಹಕರಲ್ಲಿ ಹೃದಯಾಘಾತ ಕಡಿಮೆಯೆಂಬುದು ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದುಬಂದಿತು. ನಡೆದು, ಸೈಕಲ್ಲು ತುಳಿದು ಟಪಾಲು ಹಂಚುವವರನ್ನೂ ಕುಳಿತು ಬರೆಯುವ ಗುಮಾಸ್ತರನ್ನೂ ಹೋಲಿಸಿದಾಗಲೂ ಇಂಥದೇ ಫಲ ದೊರೆಯಿತು. 1910ರಲ್ಲಿ ಹುಟ್ಟಿದ ಮಾರಿಸ್ ತಾವು ಕಂಡುಕೊಂಡುದನ್ನು ತಾವೂ ಆಚರಿಸಿ 2009ರವರೆಗೆ ಬದುಕಿದರು.

ಹೀಗಾಗಲು ಕಾರಣವೇನು? ಹೃದಯವೂ ಒಂದು ಮಾಂಸಖಂಡವೇ. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು 70 ಸಲ ಮಿಡಿದು ಸುಮಾರು 5 ಲೀಟರು ರಕ್ತವನ್ನು ನೂಕುತ್ತದೆ. ರಭಸದ ವ್ಯಾಯಾಮದಲ್ಲಿ ಈ ಪ್ರಮಾಣ ನಾಲ್ಕು ಪಟ್ಟು ಹೆಚ್ಚಬಹುದು. ದಿನವೂ ಇಂಥ ಅಭ್ಯಾಸ ದೊರೆತ ಹೃದಯವು ಒಂದೊಂದು ಮಿಡಿತಕ್ಕೂ ಹೆಚ್ಚು ರಕ್ತವನ್ನು ನೂಕಬಲ್ಲದು. ಆದುದರಿಂದ ವಿಶ್ರಾಂತಿಯಲ್ಲಿ ಅದು ಕಡಿಮೆ ಸಲ ಮಿಡಿದರೆ ಸಾಕು. ನಡೆಯುವಾಗ ಕಾಲಿನ ಮೀನಖಂಡಗಳು ಬಿಗಿದು ಸಡಿಲಗೊಂಡು, ಕೆಳಗಿಳಿದ ರಕ್ತವನ್ನು ಮೇಲಕ್ಕೆ ಹಿಂಡಿ ಹೃದಯಕ್ಕೆ ನೆರವಾಗುತ್ತವೆ. ದುಡಿಯುವ ಮಾಂಸಖಂಡಗಳು ರಕ್ತದಲ್ಲಿರುವ ಸಕ್ಕರೆಯ ಅಂಶವನ್ನು ತಾವಾಗಿ ಹೀರಿಕೊಳ್ಳುತ್ತವೆ. ಸಕ್ಕರೆ ಕಾಯಿಲೆಯುಳ್ಳವರಿಗೆ ವೈದ್ಯರು ನಡಿಗೆಯನ್ನು ವಿಧಿಸುವುದರ ಗುಟ್ಟು ಇದೇ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಈ ಕಾಯಿಲೆಯಿದೆ. ಇದು ಪಟ್ಟಣದ ಸಿರಿವಂತರ ರೋಗವೆಂದು ಹಳ್ಳಿಗರು ನಿಶ್ಚಿಂತರಾಗಿದ್ದ ಕಾಲ ಹಿಂದಾಯಿತು.

ಕರ್ನಾಟಕದ ಈ ಭಾಗಕ್ಕೆ ವ್ಯಾಯಾಮ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಈ ನಾಡನ್ನು ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಜಟ್ಟಿಗಳ ಸಾಧನೆಯನ್ನು ವರ್ಣಿಸಿದ್ದಾನೆ. ಭಾರವನ್ನು ಎತ್ತುವುದು, ನಡೆಯುವುದು, ಈಜುವುದು, ಕಂಬವನ್ನು ಅಪ್ಪಿ ಏರುವುದು ಇವೆಲ್ಲವೂ ಅಲ್ಲಿ ಬೇರೆ ಬೇರೆ ಶ್ರಮಗಳೆಂದು ಹೆಸರು ಪಡೆದಿವೆ. ಹಳ್ಳಿಗಳ ಗರಡಿಮನೆಗಳಲ್ಲಿ ಈ ಪರಂಪರೆ ಮುಂದುವರಿಯಿತು. ಹನುಮಂತನಿಗೆ ಕೈಮುಗಿದು, ಸಡಿಲಿಸಿದ ಕೆಮ್ಮಣ್ಣಿಗೆ ಇಳಿದು, ವಸ್ತಾದನ ಕಣ್ಣೆದುರಿಗೆ ದಂಡ ಹೊಡೆದು ಬಸ್ಕಿ ತೆಗೆಯುವ ತರುಣರಿಗೆ ತಾಲೀಮು ಎಂಬುದು ಊಟದಷ್ಟೇ ಸಹಜವಾಗಿತ್ತು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಕುಸ್ತಿಯೂ ಭಾರ ಎತ್ತುವ ಪಂದ್ಯಗಳೂ ನಡೆಯುತ್ತವೆ. ಗುಂಡುಕಲ್ಲು, ಸಂಗ್ರಾಣಿ ಕಲ್ಲುಗಳನ್ನು ಎತ್ತುವ ಜಟ್ಟಿಯನ್ನು ನೋಡಲು ಜನ ಕಿಕ್ಕಿರಿದು ನೆರೆಯುತ್ತಾರೆ. ನೋಡುವವರಲ್ಲಿ ಎಷ್ಟು ಮಂದಿ ಮರುದಿನ ಹತ್ತು ಬಸ್ಕಿ ತೆಗೆಯುತ್ತಾರೆಂಬುದು ಬೇರೆ ಮಾತು.

ಗರಡಿಯ ಪರಂಪರೆಯಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ತಾಲೀಮನ್ನು ಬಿಟ್ಟು, ಹಾಲು ತುಪ್ಪಗಳ ಊಟವನ್ನು ಬಿಡದ ಪೈಲ್ವಾನನ ಮೈ ಕೆಲವೇ ವರ್ಷಗಳಲ್ಲಿ ಕೊಬ್ಬುತ್ತದೆ. ವ್ಯಾಯಾಮದ ಫಲವು ಬ್ಯಾಂಕಿನಲ್ಲಿಟ್ಟ ಹಣದಂತೆ ಮುಂದಿನ ಬದುಕಿಗೆ ಉಳಿದುಬರುವುದಿಲ್ಲ. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಭಕ್ತರು ನೂರಾರು ಕಿಲೋಮೀಟರು ನಡೆದು ಶ್ರೀಶೈಲಕ್ಕೆ ಹೋಗುತ್ತಾರೆ. ಅವರ ಶ್ರದ್ಧೆ ದೊಡ್ಡದು. ಆದರೆ ವರ್ಷವಿಡೀ ಅಂಗಡಿಯ ಗಾದಿಯ ಮೇಲೆ ಕುಳಿತವನು ಒಮ್ಮೆಗೇ ನಡೆಯಲು ಹೊರಟರೆ ಅಂಗಾಲು ಬೊಬ್ಬೆಯೇಳುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ. ದಿನಕ್ಕೆ ಒಂದೆರಡು ಹರದಾರಿ ನಡೆಯುವ ರೂಢಿಯುಳ್ಳವನಿಗೆ ಅದೇ ಯಾತ್ರೆ ಸುಗಮ.

ಗರಡಿ ಎಲ್ಲ ಊರುಗಳಲ್ಲಿಯೂ ಇಲ್ಲ. ಇದ್ದಲ್ಲಿಯೂ ಹೆಣ್ಣುಮಕ್ಕಳಿಗೆ ಅದರ ಬಾಗಿಲು ಬಹುಕಾಲ ತೆರೆದಿರಲಿಲ್ಲ. ಎಲ್ಲರಿಗೂ ಒದಗುವ ಸಾಧನೆಯೆಂದರೆ ನಡಿಗೆ ಮತ್ತು ಸೂರ್ಯನಮಸ್ಕಾರ. ಸೂರ್ಯನಮಸ್ಕಾರವನ್ನು ಶಾಲೆಗಳಲ್ಲಿ ಬಳಕೆಗೆ ತಂದು ಪ್ರಚುರಪಡಿಸಿದವರಲ್ಲಿ ಔಂಧ್ ಸಂಸ್ಥಾನದ ಅರಸ ಭವಾನರಾವ್ ಪಂತ ಪ್ರತಿನಿಧಿ ಪ್ರಮುಖರು. ವಿಜಯಪುರದ ಸಮೀಪದ ಗುಣದಾಳವೂ ಅಂದು ಆ ಸಂಸ್ಥಾನಕ್ಕೆ ಸೇರಿತ್ತು. ಬಾಗುವುದು, ಚಾಚುವುದು, ಕೈಗಳ ಮೇಲೆ ಮೈಯ ಭಾರವನ್ನು ತಾಳುವುದು, ಉಸಿರನ್ನು ಕ್ರಮದಲ್ಲಿ ಎಳೆದು ಬಿಡುವುದು ಇವೆಲ್ಲ ಅದರಲ್ಲಿ ಒಂದೇ ಸರಣಿಯಾಗಿ ಹೆಣೆದುಕೊಂಡಿವೆ. ಚಾಪೆಯಷ್ಟು ಜಾಗವಿದ್ದರೆ ಸಾಕು, ಖರ್ಚಿಲ್ಲ, ಸಲಕರಣೆಯಿಲ್ಲ.

ಇಂದಿಗೂ ಹೊಲದಲ್ಲಿ ದುಡಿಯುವವರಿಗೆ ವ್ಯಾಯಾಮ ಬೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಕಳೆ ತೆಗೆಯುವವಳ ಬೆನ್ನು ದಿನವಿಡೀ ಬಾಗಿಯೇ ಇರುತ್ತದೆ. ಇಂಡಿಯ ತೋಟದಲ್ಲಿ ಲಿಂಬೆ ಆಯುವವರ ಕೈಗಳಿಗೆ ಕೆಲಸ ಹೆಚ್ಚು, ಉಳಿದ ಅಂಗಗಳಿಗೆ ಕಡಿಮೆ. ಇಂಥವರಿಗೆ ಇನ್ನಷ್ಟು ದಣಿವು ಬೇಕಾಗಿಲ್ಲ. ಬಾಗಿದ ಬೆನ್ನನ್ನು ಹಿಂದಕ್ಕೆ ಚಾಚಿ, ಹೆಗಲನ್ನು ತಿರುಗಿಸಿ, ಕೆಲವು ನಿಮಿಷ ಅಂಗಗಳನ್ನು ಸಡಿಲಿಸುವ ಸಾಧನೆ ಅವರಿಗೆ ಹಿತ. ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರೂ ಇತರ ಶರಣರೂ ಎತ್ತಿಹಿಡಿದ ‘ಕಾಯಕ’ ಎಂಬ ಮಾತಿನಲ್ಲಿಯೇ ಕಾಯ, ಎಂದರೆ ದೇಹ, ಸೇರಿಕೊಂಡಿದೆ. ದುಡಿಯುವ ದೇಹವನ್ನು ಕೆಡದಂತೆ ಕಾಪಾಡಿಕೊಳ್ಳುವುದು ದುಡಿಮೆಯ ಅಂಗವೇ ಆಗಿದೆ.

ವಿದ್ಯಾರ್ಥಿಗಳ ಸ್ಥಿತಿ ಇದಕ್ಕೆ ತೀರ ಭಿನ್ನ. ಶಾಲೆಯ ಹಲಗೆಯ ಮೇಲೆ ಐದಾರು ಗಂಟೆ, ಮನೆಯ ಪಾಠಕ್ಕೆ ಇನ್ನೆರಡು ಗಂಟೆ, ದೂರದರ್ಶನ ಮತ್ತು ಕೈಫೋನಿನ ಮುಂದೆ ಉಳಿದ ಹೊತ್ತು. ಐದರಿಂದ ಹದಿನೇಳು ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆಚ್ಚಗಾಗಿ ಉಸಿರು ಏರುವಂತೆ ಚಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ಹನ್ನೊಂದರಿಂದ ಹದಿನೇಳು ವಯಸ್ಸಿನ ಐವರಲ್ಲಿ ನಾಲ್ವರು ಈ ಮಿತಿಯನ್ನು ಮುಟ್ಟುತ್ತಿಲ್ಲವೆಂದು ಅದರ ಲೆಕ್ಕವೇ ಹೇಳುತ್ತದೆ. ಮುಪ್ಪಿನವರೆಗೆ ಬಾಳಬೇಕಾದ ಮೂಳೆಯ ಬಲದ ಹೆಚ್ಚಿನ ಭಾಗ ಕೂಡಿಬರುವುದು ಈ ವಯಸ್ಸಿನಲ್ಲಿಯೇ ಆದುದರಿಂದ ಇಲ್ಲಿ ಕಳೆದುಕೊಂಡುದನ್ನು ಐವತ್ತರಲ್ಲಿ ತುಂಬಿಕೊಳ್ಳುವುದು ಕಷ್ಟ. ರಾಜ್ಯ ಸರ್ಕಾರ 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಟ್ಟಾಗ, ನೆರೆಯೂರಿನ ಪ್ರೌಢಶಾಲೆಗೆ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ಲು ತುಳಿದು ಬರುವ ದೃಶ್ಯ ಹಳ್ಳಿಯ ದಾರಿಗಳಲ್ಲಿ ಕಾಣಿಸಿತು. ಓದಿಗೆ ದಾರಿಯಾದ ಆ ಸೈಕಲ್ಲು ವ್ಯಾಯಾಮವೂ ಆಗಿತ್ತು. ಸೈಕಲ್ ಪಂದ್ಯಗಳಲ್ಲಿ ವಿಜಯಪುರ ಜಿಲ್ಲೆಯ ತರುಣ ತರುಣಿಯರು ನಾಡಿಗೆ ಹೆಸರು ತಂದಿರುವುದನ್ನೂ ಇಲ್ಲಿ ನೆನೆಯಬಹುದು.

ಆರಂಭಿಸುವುದು ಸುಲಭ, ನಡೆಸಿಕೊಂಡು ಹೋಗುವುದು ಕಷ್ಟ. ಮೊದಲ ದಿನವೇ ನೂರು ಬಸ್ಕಿ ತೆಗೆದವನು ಎರಡನೆಯ ದಿನ ಮೆಟ್ಟಿಲಿಳಿಯಲಾರದೆ ಮೂರನೆಯ ದಿನ ಸಾಧನೆಗೆ ಕೈಮುಗಿಯುತ್ತಾನೆ. ಹತ್ತರಿಂದ ತೊಡಗಿ ವಾರಕ್ಕೆ ಎರಡು ಮೂರರಂತೆ ಏರಿಸುವವನು ವರ್ಷದ ಕೊನೆಗೆ ಅವನನ್ನು ಮೀರಿಸುತ್ತಾನೆ. ನಡಿಗೆಯ ವೇಗಕ್ಕೂ ಸುಲಭವಾದ ಅಳತೆಯಿದೆ: ನಡೆಯುತ್ತ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಊಟವಾದ ಕೂಡಲೆ, ಜ್ವರವಿರುವಾಗ, ಬಿಸಿಲು ನೆತ್ತಿಗೇರಿದಾಗ ಶ್ರಮದ ವ್ಯಾಯಾಮ ಸಲ್ಲದು. ಬೇಸಗೆಯಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುವ ಈ ಸೀಮೆಯಲ್ಲಿ ನಸುಕಿನ ತಂಪು ಹೊತ್ತೇ ಮೇಲು.

ರೂಢಿ ಬೇರೂರಲು ಎಷ್ಟು ದಿನ ಬೇಕು? ಲಂಡನ್ನಿನ ವಿಶ್ವವಿದ್ಯಾಲಯವೊಂದರ ಸಂಶೋಧಕರು 96 ಮಂದಿಯನ್ನು ಪರೀಕ್ಷೆಗೆ ಆರಿಸಿಕೊಂಡು, ಹೊಸದೊಂದು ನಿತ್ಯಕ್ರಮವು ಪ್ರಯತ್ನವಿಲ್ಲದೆ ತಾನಾಗಿ ನಡೆಯಲು ಸರಾಸರಿ 66 ದಿನ ಹಿಡಿಯುವುದೆಂದು ಕಂಡುಕೊಂಡರು. ಕೆಲವರಿಗೆ 18 ದಿನ ಸಾಕಾಗಬಹುದು. ಕೆಲವರಿಗೆ 250 ದಿನಗಳೂ ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದರೆ ಹಿಡಿದ ಕಾರ್ಯ ಕೆಡುವುದಿಲ್ಲವೆಂಬುದೂ ಅದರಿಂದ ತಿಳಿದುಬಂದಿತು. ಈಗಾಗಲೇ ತಪ್ಪದೆ ನಡೆಯುವ ಕೆಲಸವೊಂದಕ್ಕೆ ಹೊಸ ಕೆಲಸವನ್ನು ಗಂಟು ಹಾಕಿದರೆ ಅದು ಬೇಗ ನಿಲ್ಲುತ್ತದೆ. ಹಲ್ಲುಜ್ಜಿದೊಡನೆ ಸೂರ್ಯನಮಸ್ಕಾರ, ಹಾಲು ತಂದೊಡನೆ ಊರ ಹೊರಗಿನ ಗುಡಿಯವರೆಗೆ ನಡಿಗೆ, ಸಂಜೆ ದನ ಕಟ್ಟಿದೊಡನೆ ಅಂಗಳದಲ್ಲಿ ಹಗ್ಗದಾಟ ಹೀಗೆ ಒಂದೊಂದು ಮನೆಗೆ ಒಂದೊಂದು ಹೊಂದಿಕೆ ಸಾಧ್ಯ. ಶಾಲೆಗಳು ತೆರೆಯುವ ಜೂನ್ ಮೊದಲ ವಾರದಲ್ಲಿ ತೊಡಗಿದವನಿಗೆ ಅರುವತ್ತಾರನೆಯ ದಿನ ಆಗಸ್ಟ್ ತಿಂಗಳಿನಲ್ಲಿ ಬರುತ್ತದೆ. ಅಷ್ಟರಲ್ಲಿ ಮಳೆ ಬಿದ್ದು, ಎರೆಯ ಮಣ್ಣು ಹೆಜ್ಜೆಹೆಜ್ಜೆಗೂ ಕಾಲಿಗೆ ಅಂಟಿ, ಹೊಲದ ದಾರಿಯಲ್ಲಿ ನಡೆಯುವುದೇ ದುಸ್ತರವಾಗುತ್ತದೆ. ಆ ದಿನಗಳಲ್ಲಿ ಪಡಸಾಲೆಯೇ ಗರಡಿಯಾಗಬೇಕು.