ಎರಡು ಕ್ಲಾಸ್ ಸೇರಿದರೆ ಎರಡರಷ್ಟು ಬಲವೇ?

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುವ ಮೇಜುಗಳಲ್ಲಿ ಪದೇ ಪದೇ ಏಳುವ ಒಂದು ತಕರಾರಿದೆ. ಆಟಗಾರನೊಬ್ಬ ಐದು ಲೆವೆಲ್ ಫೈಟರ್‌ಗೆ ಐದು ಲೆವೆಲ್ ಬಾರ್ಬೇರಿಯನ್ ಸೇರಿಸಿ ಹತ್ತನೇ ಲೆವೆಲ್‌ನ ಪಾತ್ರ ಕಟ್ಟಿರುತ್ತಾನೆ. ಎರಡೂ ಕ್ಲಾಸ್‌ಗಳಿಗೆ ಐದನೇ ಲೆವೆಲ್‌ನಲ್ಲಿ ‘ಎಕ್ಸ್‌ಟ್ರಾ ಅಟ್ಯಾಕ್’ ಸಿಗುತ್ತದೆ. ಮಾಮೂಲಿ ಹೊಡೆತ ಒಂದು, ಫೈಟರ್ ಕೊಟ್ಟದ್ದೊಂದು, ಬಾರ್ಬೇರಿಯನ್ ಕೊಟ್ಟದ್ದೊಂದು, ಒಟ್ಟು ಮೂರು ಎಂಬುದು ಅವನ ಲೆಕ್ಕ. ಆಟ ನಡೆಸುವ ಡಿಎಂ, ಅಂದರೆ ಡಂಜನ್ ಮಾಸ್ಟರ್, ಎರಡೇ ಎನ್ನುತ್ತಾಳೆ. ನಿಯಮ ಅವಳ ಕಡೆಗಿದೆ: ಈ ಶಕ್ತಿ ಎಷ್ಟು ಕ್ಲಾಸ್‌ಗಳಿಂದ ಬಂದರೂ ಹೊಡೆತ ಎರಡೇ. ಮೂರನೆಯದು ಬೇಕಿದ್ದರೆ ಫೈಟರ್ ಒಂದರಲ್ಲೇ ಹನ್ನೊಂದನೇ ಲೆವೆಲ್ ಮುಟ್ಟಬೇಕು.

ಹಾಗೆಂದು ಆ ಆಟಗಾರನನ್ನು ದಡ್ಡ ಎನ್ನುವಂತಿಲ್ಲ. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಎಲ್ಲ ಕ್ಲಾಸ್‌ಗಳ ದಾಳಿಯ ಬೋನಸ್ ಕೂಡಿಸುತ್ತಿದ್ದರು. ಮೂರು ಲೆವೆಲ್ ಫೈಟರ್ ಕೊಡುವ 3, ನಾಲ್ಕು ಲೆವೆಲ್ ರೋಗ್ ಕೊಡುವ 3 ಸೇರಿ 6 ಆದರೆ ಎರಡನೇ ಹೊಡೆತ ತಾನಾಗಿ ಸಿಗುತ್ತಿತ್ತು. ಆ ಲೆವೆಲ್‌ಗಳಲ್ಲಿ ಎರಡರಲ್ಲಿ ಯಾವ ಕ್ಲಾಸೂ ಒಂಟಿಯಾಗಿ ಅದನ್ನು ಕೊಡುತ್ತಿರಲಿಲ್ಲ. ಮಲ್ಟಿಕ್ಲಾಸ್ ಬಗೆಗಿನ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಹೀಗೆಯೇ ಹುಟ್ಟಿದವು ಎಂಬುದು ನನ್ನ ಅನಿಸಿಕೆ. ಇನ್ನೊಂದು ಆವೃತ್ತಿಯಲ್ಲೋ ಯಾವುದೋ ವಿಡಿಯೋ ಗೇಮ್‌ನಲ್ಲೋ ನಿಜವಾಗಿದ್ದ ಮಾತು ಇಲ್ಲಿಗೆ ವಲಸೆ ಬಂದಿರುತ್ತದೆ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಪ್ರತಿ ಆಟಗಾರ ಒಂದು ಪಾತ್ರ ವಹಿಸುತ್ತಾನೆ, ಡಿಎಂ ಕಥೆ ನಡೆಸುತ್ತಾರೆ, ಏನಾಯಿತೆಂದು ದಾಳ ಹೇಳುತ್ತದೆ. ಪಾತ್ರದ ಕಸುಬು ಅದರ ಕ್ಲಾಸ್: ಯೋಧನಾದರೆ ಫೈಟರ್, ಓದಿ ಕಲಿತ ಮಾಂತ್ರಿಕನಾದರೆ ವಿಝಾರ್ಡ್, ದೇವರ ಸೇವಕನಾದರೆ ಕ್ಲೆರಿಕ್, ಕಳ್ಳಹೆಜ್ಜೆಯವನಾದರೆ ರೋಗ್. ಅನುಭವ ಹೆಚ್ಚಿದಂತೆ ಒಂದರಿಂದ ಇಪ್ಪತ್ತರವರೆಗೆ ಲೆವೆಲ್ ಏರುತ್ತದೆ. ಹಾಗೆ ಏರುವಾಗ ಹಳೆಯ ಕ್ಲಾಸ್ ಬಿಟ್ಟು ಹೊಸದೊಂದರಲ್ಲಿ ಲೆವೆಲ್ ತೆಗೆದುಕೊಳ್ಳುವುದೇ ಮಲ್ಟಿಕ್ಲಾಸ್. ಇಲ್ಲಿ ಹೇಳುತ್ತಿರುವುದು 2014ರ ಐದನೇ ಆವೃತ್ತಿಯ ನಿಯಮ. 2024ರ ಪರಿಷ್ಕರಣೆ ಬದಲಿಸಿದ್ದನ್ನು ಅಲ್ಲಲ್ಲೇ ಹೇಳುತ್ತೇನೆ.

“ಸ್ಲಾಟ್ ಇದ್ದರೆ ಮಂತ್ರವೂ ಇದ್ದಂತೆ”

ಎಲ್ಲಕ್ಕಿಂತ ಹೆಚ್ಚು ಗೊಂದಲವಿರುವುದು ಮಂತ್ರಗಳಲ್ಲಿ. ಮಂತ್ರ ಹಾಕಲು ಎರಡು ಬೇಕು. ಒಂದು, ಆ ಮಂತ್ರ ಗೊತ್ತಿರಬೇಕು. ಎರಡು, ಅದಕ್ಕೆ ಖರ್ಚು ಮಾಡಲು ಸ್ಲಾಟ್ ಇರಬೇಕು. ಒಂದೇ ಕ್ಲಾಸ್‌ನ ವಿಝಾರ್ಡ್‌ಗೆ ಇವೆರಡೂ ಜೊತೆಜೊತೆಗೇ ಬೆಳೆಯುವುದರಿಂದ ಬೇರೆ ಬೇರೆ ಎಂಬುದು ಗಮನಕ್ಕೇ ಬರುವುದಿಲ್ಲ. ಮಲ್ಟಿಕ್ಲಾಸ್ ಮಾಡಿದ ಕ್ಷಣ ಎರಡೂ ಕವಲೊಡೆಯುತ್ತವೆ. ಸ್ಲಾಟ್‌ಗಳನ್ನು ಎಲ್ಲ ಕ್ಲಾಸ್ ಒಟ್ಟುಗೂಡಿಸಿ ಎಣಿಸಬೇಕು, ಮಂತ್ರಗಳನ್ನು ಪ್ರತಿ ಕ್ಲಾಸ್‌ಗೂ ಅದೊಂದೇ ಇದ್ದಂತೆ ಎಣಿಸಬೇಕು.

ಮೂರು ಲೆವೆಲ್ ಕ್ಲೆರಿಕ್, ಎರಡು ಲೆವೆಲ್ ವಿಝಾರ್ಡ್ ಆದವಳನ್ನು ತೆಗೆದುಕೊಳ್ಳಿ. ಒಟ್ಟು ಐದು. ಪುಸ್ತಕದಲ್ಲಿರುವ ಸ್ಲಾಟ್ ಕೋಷ್ಟಕದ ಐದನೇ ಸಾಲು ನೋಡಿದರೆ ಮೊದಲ ಹಂತದ ನಾಲ್ಕು ಸ್ಲಾಟ್, ಎರಡನೇ ಹಂತದ ಮೂರು, ಮೂರನೇ ಹಂತದ ಎರಡು ಸಿಗುತ್ತವೆ. ಮೂರನೇ ಹಂತ ಎಂದೊಡನೆ ಆಟಗಾರ್ತಿಗೆ ಫೈರ್‌ಬಾಲ್ ನೆನಪಾಗುತ್ತದೆ. ಆದರೆ ಎರಡು ಲೆವೆಲ್ ವಿಝಾರ್ಡ್‌ಗೆ ಮೊದಲ ಹಂತದ ಮಂತ್ರಗಳಷ್ಟೇ ದಕ್ಕುತ್ತವೆ, ಮೂರು ಲೆವೆಲ್ ಕ್ಲೆರಿಕ್‌ಗೆ ಎರಡನೇ ಹಂತದವರೆಗೆ. ಹಾಗಾಗಿ ಮೂರನೇ ಹಂತದ ಸ್ಲಾಟ್ ಎರಡಿದ್ದರೂ ಆ ಹಂತದ ಮಂತ್ರ ಒಂದೂ ಇಲ್ಲ. ಫೈರ್‌ಬಾಲ್ ಇಲ್ಲ, ಸತ್ತವರನ್ನು ಎಬ್ಬಿಸುವ ರಿವಿವಿಫೈ ಕೂಡ ಇಲ್ಲ. ಹಾಗೆಂದು ಆ ಸ್ಲಾಟ್‌ಗಳು ದಂಡವೂ ಅಲ್ಲ. ಚಿಕ್ಕ ಮಂತ್ರವನ್ನು ದೊಡ್ಡ ಸ್ಲಾಟ್‌ನಲ್ಲಿ ಹಾಕಬಹುದು. ಮ್ಯಾಜಿಕ್ ಮಿಸೈಲ್ ಮೊದಲ ಹಂತದ ಸ್ಲಾಟ್‌ನಲ್ಲಿ ಮೂರು ಬಾಣ ಬಿಟ್ಟರೆ ಮೂರನೇ ಹಂತದಲ್ಲಿ ಐದು ಬಿಡುತ್ತದೆ. ಜೊತೆಗೆ ಪ್ರತಿ ಮಂತ್ರವೂ ತಾನು ಬಂದ ಕ್ಲಾಸ್‌ನ ಗುಣವನ್ನೇ ನೆಚ್ಚಿಕೊಳ್ಳುತ್ತದೆ: ಕ್ಲೆರಿಕ್ ಮಂತ್ರಕ್ಕೆ ವಿಸ್ಡಮ್, ವಿಝಾರ್ಡ್ ಮಂತ್ರಕ್ಕೆ ಇಂಟೆಲಿಜೆನ್ಸ್. ಎರಡನ್ನೂ ಹೆಚ್ಚಿಟ್ಟುಕೊಳ್ಳಲು ಹೊರಟವರಿಗೆ ಮೈಯಲ್ಲಿ ಕಸುವು ಉಳಿಯುವುದು ಕಷ್ಟ.

ಮೂರನೇ ಆವೃತ್ತಿಯಲ್ಲಿ ಇದು ತಿರುಗುಮುರುಗಾಗಿತ್ತು. ಅಲ್ಲಿ ಕ್ಲೆರಿಕ್ ಸ್ಲಾಟ್ ಬೇರೆ, ವಿಝಾರ್ಡ್ ಸ್ಲಾಟ್ ಬೇರೆ, ಒಂದನ್ನು ಇನ್ನೊಂದಕ್ಕೆ ಬಳಸುವಂತಿರಲಿಲ್ಲ. ಹೊಡೆತ ಕೂಡುತ್ತಿತ್ತು, ಸ್ಲಾಟ್ ಕೂಡುತ್ತಿರಲಿಲ್ಲ. ಐದನೇ ಆವೃತ್ತಿಯಲ್ಲಿ ಸ್ಲಾಟ್ ಕೂಡುತ್ತದೆ, ಹೊಡೆತ ಕೂಡುವುದಿಲ್ಲ. ಎರಡೂ ಆವೃತ್ತಿ ಆಡಿದವರ ತಲೆ ಕೆಡದಿದ್ದರೇ ಆಶ್ಚರ್ಯ.

ಪ್ಯಾಲಡಿನ್, ರೇಂಜರ್‌ಗಳ ಲೆವೆಲ್ ಅರ್ಧಕ್ಕೆ ಮಾತ್ರ ಲೆಕ್ಕ. ಐದು ಲೆವೆಲ್ ಪ್ಯಾಲಡಿನ್, ನಾಲ್ಕು ಲೆವೆಲ್ ಸಾರ್ಸರರ್ ಆದರೆ ಕೋಷ್ಟಕದ ಒಂಬತ್ತನೇ ಸಾಲಲ್ಲ, ಆರನೆಯದು. ಐದರ ಅರ್ಧ ಎರಡೂವರೆಯನ್ನು ಎರಡಕ್ಕೆ ಇಳಿಸುತ್ತಾರೆ. 2024ರಲ್ಲಿ ಅದನ್ನೇ ಮೂರಕ್ಕೆ ಏರಿಸಿ ಏಳನೇ ಸಾಲು ಕೊಟ್ಟಿದ್ದಾರೆ. ವಾರ್ಲಾಕ್‌ದು ಮಾತ್ರ ಬೇರೆಯೇ ಸಂಸಾರ. ಅದರ ಸ್ಲಾಟ್‌ಗಳು ಈ ಕೂಡುವಿಕೆಗೆ ಸೇರುವುದೇ ಇಲ್ಲ, ಒಂದು ಗಂಟೆಯ ಸಣ್ಣ ವಿಶ್ರಾಂತಿಗೇ ವಾಪಸ್ ಬರುತ್ತವೆ. ಸೇರುವುದಿಲ್ಲ ಎಂದಾಕ್ಷಣ ಬೇರೆ ಕ್ಲಾಸ್‌ನ ಮಂತ್ರಕ್ಕೆ ಬಳಸಬಾರದು ಎಂದುಕೊಳ್ಳುವವರೂ ಇದ್ದಾರೆ, ಅದೂ ತಪ್ಪು. ಧಾರಾಳವಾಗಿ ಬಳಸಬಹುದು.

ಈ ಸಡಿಲಿಕೆಯಿಂದಲೇ ‘ಕಾಫಿಲಾಕ್’ ಎಂಬ ಕುಖ್ಯಾತ ಪಾತ್ರ ಹುಟ್ಟಿತು. ವಾರ್ಲಾಕ್ ಸ್ಲಾಟನ್ನು ಸಾರ್ಸರರ್‌ನ ಪಾಯಿಂಟ್ ಮಾಡುವುದು, ಪಾಯಿಂಟನ್ನು ಮತ್ತೆ ಹೊಸ ಸ್ಲಾಟ್ ಮಾಡುವುದು, ಒಂದು ಗಂಟೆ ಕೂತು ವಾರ್ಲಾಕ್ ಸ್ಲಾಟ್ ಹಿಂಪಡೆಯುವುದು, ಪುನಃ ಅದೇ. ಕೇಳಲು ಅಕ್ಷಯಪಾತ್ರೆ. ಹಾಗೆ ಮಾಡಿದ ಸ್ಲಾಟ್‌ಗಳು ದೀರ್ಘ ವಿಶ್ರಾಂತಿ ಮುಗಿದೊಡನೆ ಮಾಯವಾಗುತ್ತವೆ ಎಂಬುದೇ ಇದರ ಗಂಟು. ಅಂದರೆ ಕಾಫಿಲಾಕ್ ನಿದ್ದೆ ಮಾಡುವಂತಿಲ್ಲ. 2017ರ ಕ್ಸಾನಥಾರ್ಸ್ ಗೈಡ್ ಪುಸ್ತಕ ಅಲ್ಲಿಗೇ ಕೈ ಹಾಕಿತು. ದೀರ್ಘ ವಿಶ್ರಾಂತಿಯಿಲ್ಲದೆ 24 ಗಂಟೆ ಕಳೆದರೆ 10ರ ಗುರಿಗೆ ದಾಳ ಎಸೆಯಬೇಕು, ಸೋತರೆ ಒಂದು ಹಂತ ದಣಿವು. ಮರುದಿನ ಗುರಿ 15, ಆಮೇಲೆ 20. ದಣಿವು ಆರನೇ ಹಂತ ಮುಟ್ಟಿದರೆ ಸಾವು. ಅನಂತ ಎಂದು ಹೇಳುತ್ತಿದ್ದ ಯಂತ್ರ ನಾಲ್ಕೈದು ದಿನದಲ್ಲಿ ನೆಲ ಕಚ್ಚುತ್ತದೆ.

“ಬಾರ್ಬೇರಿಯನ್‌ಗೂ ರೋಗ್‌ಗೂ ಆಗಿಬರುವುದಿಲ್ಲ”

ಇಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ ಹೋಗಿದೆ: ನಿಯಮ ಕೊಟ್ಟಿರುವುದನ್ನೂ ಜನ ಬೇಡ ಎನ್ನುತ್ತಾರೆ. ರೋಗ್ ಎಂದರೆ ಚುರುಕು, ಡೆಕ್ಸ್‌ಟೆರಿಟಿ. ಬಾರ್ಬೇರಿಯನ್ ಎಂದರೆ ತೋಳ್ಬಲ, ಸ್ಟ್ರೆಂತ್. ಎರಡೂ ಕೂಡುವುದು ಹೇಗೆ ಎಂಬುದು ವಾದ. ನಿಯಮದ ಅಕ್ಷರ ನೋಡಿ. ರೋಗ್‌ನ ‘ಸ್ನೀಕ್ ಅಟ್ಯಾಕ್’ ಕೇಳುವುದು ಫಿನೆಸ್ ಗುಣದ ಆಯುಧ ಅಥವಾ ದೂರದಿಂದ ಹೊಡೆಯುವ ಆಯುಧ. ಡೆಕ್ಸ್‌ಟೆರಿಟಿಯಿಂದಲೇ ಹೊಡೆಯಬೇಕೆಂದು ಅದು ಎಲ್ಲೂ ಹೇಳಿಲ್ಲ. ಫಿನೆಸ್ ಆಯುಧವನ್ನು ಎರಡರಲ್ಲಿ ಯಾವ ಗುಣದಿಂದ ಬೀಸಬೇಕೆಂಬುದು ಆಟಗಾರನ ಇಷ್ಟ. ಹಾಗಾದರೆ ರೇಪಿಯರ್ ಕತ್ತಿಯನ್ನು ಸ್ಟ್ರೆಂತ್‌ನಿಂದ ಬೀಸಿದರೆ ಬಾರ್ಬೇರಿಯನ್‌ನ ರೇಜ್, ಅಂದರೆ ರೋಷಾವೇಶ, ಕೊಡುವ ಬೋನಸ್ಸೂ ಸಿಗುತ್ತದೆ, ಸ್ನೀಕ್ ಅಟ್ಯಾಕೂ ಸಿಗುತ್ತದೆ.

ಇಷ್ಟೇ ಅಲ್ಲ. ಸ್ನೀಕ್ ಅಟ್ಯಾಕ್‌ಗೆ ‘ಅಡ್ವಾಂಟೇಜ್’, ಅಂದರೆ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಎಸೆದು ದೊಡ್ಡದನ್ನು ಇಟ್ಟುಕೊಳ್ಳುವ ಅವಕಾಶ ಇರಬೇಕು, ಇಲ್ಲವೇ ಶತ್ರುವಿನ ಪಕ್ಕದಲ್ಲಿ ನಮ್ಮವರೊಬ್ಬರು ಇರಬೇಕು. ಬಾರ್ಬೇರಿಯನ್ ಎರಡನೇ ಲೆವೆಲ್‌ಗೆ ‘ರೆಕ್‌ಲೆಸ್ ಅಟ್ಯಾಕ್’ ಪಡೆಯುತ್ತಾನೆ. ಹಿಂದುಮುಂದು ನೋಡದೆ ನುಗ್ಗಿದರೆ ಸ್ಟ್ರೆಂತ್ ಹೊಡೆತಕ್ಕೆ ಅಡ್ವಾಂಟೇಜ್ ತಾನಾಗಿ ಬರುತ್ತದೆ. ಐದು ಲೆವೆಲ್ ಬಾರ್ಬೇರಿಯನ್, ಮೂರು ಲೆವೆಲ್ ರೋಗ್, ಸ್ಟ್ರೆಂತ್ 18 ಎಂದಿಟ್ಟುಕೊಳ್ಳಿ. ರೇಪಿಯರ್‌ನ ಎಂಟು ಮುಖದ ದಾಳ ಒಂದು, ಸ್ಟ್ರೆಂತ್‌ನಿಂದ 4, ರೇಜ್‌ನಿಂದ 2, ಸ್ನೀಕ್ ಅಟ್ಯಾಕ್‌ನ ಆರು ಮುಖದ ದಾಳ ಎರಡು. ಒಂದು ಹೊಡೆತಕ್ಕೆ ಸರಾಸರಿ 17.5. ಎರಡನೇ ಹೊಡೆತಕ್ಕೆ ಸ್ನೀಕ್ ಅಟ್ಯಾಕ್ ಇಲ್ಲ, ಅದು ಸರದಿಗೆ ಒಂದೇ ಸಲ. ಆದರೆ ಮೊದಲನೆಯದು ಗುರಿ ತಪ್ಪಿದರೆ ಎರಡನೆಯದರಲ್ಲಿ ಬಳಸಿಕೊಳ್ಳಬಹುದು. ಬೆಲೆಯೂ ಇದೆ: ಮುಂದಿನ ಸರದಿಯವರೆಗೆ ಶತ್ರುಗಳಿಗೂ ಇವನ ಮೇಲೆ ಅಡ್ವಾಂಟೇಜ್. ಎಲ್ಲ ಜೋಡಿಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಪುಸ್ತಕವನ್ನು ಅಕ್ಷರಶಃ ಓದಿದವರಿಗಷ್ಟೇ ಇದು ಕಾಣಿಸುತ್ತದೆ.

“ರಕ್ಷಣೆ ಕೂಡುತ್ತಾ ಹೋಗುತ್ತದೆ”

ಇಲ್ಲ. ಕವಚ ತೊಡದ ಬಾರ್ಬೇರಿಯನ್‌ನ ರಕ್ಷಣೆ 10ಕ್ಕೆ ಡೆಕ್ಸ್‌ಟೆರಿಟಿ, ಕಾನ್‌ಸ್ಟಿಟ್ಯೂಷನ್ ಬೋನಸ್ ಕೂಡಿಸಿದಷ್ಟು. ಮಾಂಕ್‌ಗೆ 10ಕ್ಕೆ ಡೆಕ್ಸ್‌ಟೆರಿಟಿ, ವಿಸ್ಡಮ್. ಎರಡೂ ಕ್ಲಾಸ್ ಇದ್ದವನು ಮೂರನ್ನೂ ಕೂಡಿಸುವಂತಿಲ್ಲ. ಎರಡು ಕೊಡೆ ಹಿಡಿದವನು ಅರ್ಧವೇ ನೆನೆಯುತ್ತಾನೆಂದೇನಿಲ್ಲವಲ್ಲ. 2014ರ ಪುಸ್ತಕದಲ್ಲಿ ಮೊದಲು ಬಂದ ಕ್ಲಾಸ್‌ನ ಸೂತ್ರವೇ ಅವನದು, ಎರಡನೆಯದು ಸಿಗುವುದೇ ಇಲ್ಲ.

ಯಾವ ಲೆವೆಲ್?

ಒಟ್ಟು ಲೆವೆಲ್ಲೋ ಆ ಕ್ಲಾಸ್‌ನ ಲೆವೆಲ್ಲೋ ಎಂಬ ಪ್ರಶ್ನೆಯನ್ನು ಪ್ರತಿ ಶಕ್ತಿಗೂ ಬೇರೆಯಾಗಿ ಕೇಳಬೇಕು. ತರಬೇತಿ ಇರುವ ಕೆಲಸಕ್ಕೆ ಕೂಡುವ ಪ್ರೊಫಿಶಿಯೆನ್ಸಿ ಬೋನಸ್ ನೋಡುವುದು ಒಟ್ಟು ಲೆವೆಲ್. ಸ್ಲಾಟ್ ಬೇಡದ ಪುಟ್ಟ ಮಂತ್ರಗಳಾದ ಕ್ಯಾಂಟ್ರಿಪ್‌ಗಳೂ ಹಾಗೆಯೇ: ಒಂದೇ ಲೆವೆಲ್ ವಿಝಾರ್ಡ್, ಹತ್ತು ಲೆವೆಲ್ ಫೈಟರ್ ಆದವನ ಫೈರ್ ಬೋಲ್ಟ್ ಪಕ್ಕಾ ಹನ್ನೊಂದನೇ ಲೆವೆಲ್‌ನ ವಿಝಾರ್ಡ್‌ನಂತೆ ಮೂರು ದಾಳದ ಪೆಟ್ಟು ಕೊಡುತ್ತದೆ. ಸ್ನೀಕ್ ಅಟ್ಯಾಕ್ ದಾಳಗಳು ನೋಡುವುದು ರೋಗ್ ಲೆವೆಲ್ ಮಾತ್ರ. ಗುಣಗಳ ಅಂಕ ಏರಿಸುವ ಅವಕಾಶವೂ ಕ್ಲಾಸ್ ಲೆವೆಲ್‌ಗೇ ಕಟ್ಟುಬಿದ್ದಿದೆ, ಹೊಸಬರು ಎಡವುವುದು ಇಲ್ಲೇ. ಮೂರು ಲೆವೆಲ್ ಫೈಟರ್, ಮೂರು ಲೆವೆಲ್ ರೋಗ್ ಆದವನು ಆರನೇ ಲೆವೆಲ್‌ನಲ್ಲಿದ್ದರೂ ಒಂದು ಸಲವೂ ಅಂಕ ಏರಿಸಿರುವುದಿಲ್ಲ. ಬರೀ ಫೈಟರ್ ಆಗಿ ಉಳಿದವನು ಅಷ್ಟರಲ್ಲಿ ಎರಡು ಸಲ ಏರಿಸಿರುತ್ತಾನೆ.

ಹೊಸ ಕ್ಲಾಸ್‌ನ ಮೊದಲ ಲೆವೆಲ್ ಅಗ್ಗ ಎಂಬ ನಂಬಿಕೆಯೂ ಇದೆ. ಎರಡನೇ ಲೆವೆಲ್ ಮುಟ್ಟಲು 300 ಅನುಭವಾಂಕ ಸಾಕು, ನಿಜ. ಆದರೆ 19 ಲೆವೆಲ್ ಫೈಟರ್ ಒಂದು ಲೆವೆಲ್ ವಿಝಾರ್ಡ್ ಕಲಿಯಬೇಕಾದರೆ 3,05,000ದಿಂದ 3,55,000ಕ್ಕೆ ಏರಬೇಕು. ಐವತ್ತು ಸಾವಿರ ಅಂಕ ಕೊಟ್ಟು ಅವನು ಪಡೆಯುವುದು ಮೊದಲ ದಿನದ ಶಿಷ್ಯನ ವಿದ್ಯೆ.

“ಫೈಟರ್-ವಿಝಾರ್ಡ್ ಆದರೇನು, ವಿಝಾರ್ಡ್-ಫೈಟರ್ ಆದರೇನು”

ಜೀವಬಲದ ಲೆಕ್ಕದಲ್ಲಿ ಹೆಚ್ಚಿನ ಅಂತರವಿಲ್ಲ. ಫೈಟರ್ ಆಗಿ ಶುರು ಮಾಡಿ ವಿಝಾರ್ಡ್ ಆದರೆ 10 ಮತ್ತು 4, ತಿರುಗಿಸಿದರೆ 6 ಮತ್ತು 6. ವ್ಯತ್ಯಾಸವಿರುವುದು ಬೇರೆ ಕಡೆ. ಆಘಾತ ತಡೆಯುವ ಸೇವಿಂಗ್ ಥ್ರೋ ತರಬೇತಿ ಮೊದಲ ಕ್ಲಾಸ್‌ನಿಂದ ಮಾತ್ರ ಬರುತ್ತದೆ. ಫೈಟರ್ ಮೊದಲಾದರೆ ಸ್ಟ್ರೆಂತ್, ಕಾನ್‌ಸ್ಟಿಟ್ಯೂಷನ್. ವಿಝಾರ್ಡ್ ಮೊದಲಾದರೆ ಇಂಟೆಲಿಜೆನ್ಸ್, ವಿಸ್ಡಮ್. ಮಂತ್ರವೊಂದನ್ನು ಏಕಾಗ್ರತೆಯಿಂದ ಹಿಡಿದಿರುವಾಗ ಪೆಟ್ಟು ಬಿದ್ದರೆ ಅದನ್ನು ಉಳಿಸುವುದು ಕಾನ್‌ಸ್ಟಿಟ್ಯೂಷನ್. ಗುರಿ 10, ಅಥವಾ ಬಿದ್ದ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅದು. ಭಾರಿ ಕವಚದ ತರಬೇತಿಯೂ ಫೈಟರ್ ಆಗಿ ಹುಟ್ಟಿದವನಿಗಷ್ಟೇ. ಆಮೇಲೆ ಬಂದು ಸೇರಿದವನಿಗೆ ಹಗುರ ಮತ್ತು ಮಧ್ಯಮ ಕವಚ, ಗುರಾಣಿ. ಕತ್ತಿ ಹಿಡಿದ ಮಾಂತ್ರಿಕನಾಗಬೇಕೆಂದವರು ಫೈಟರ್ ಆಗಿ ಹುಟ್ಟುವುದೇ ಲೇಸು.

ಗೇಮ್‌ನಿಂದ ಬಂದವರು, ಹೊಸ ಪುಸ್ತಕದಿಂದ ಬಂದವರು

ಇತ್ತೀಚಿನ ಕಲ್ಪನೆಗಳಲ್ಲಿ ದೊಡ್ಡ ಪಾಲು ಬಾಲ್ಡರ್ಸ್ ಗೇಟ್ 3ರದ್ದು. ಲಾರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ತಂದ ಈ ವಿಡಿಯೋ ಗೇಮ್ ಐದನೇ ಆವೃತ್ತಿಯ ಮೇಲೆಯೇ ನಿಂತಿದ್ದರೂ ಮಲ್ಟಿಕ್ಲಾಸ್ ನಿಯಮಗಳನ್ನು ಸಡಿಲಿಸಿದೆ. ಪುಸ್ತಕದ ಪ್ರಕಾರ ಇರುವ ಕ್ಲಾಸ್, ಸೇರುವ ಕ್ಲಾಸ್ ಎರಡರ ಮುಖ್ಯ ಗುಣವೂ ಕನಿಷ್ಠ 13 ಇರಬೇಕು, ಪ್ಯಾಲಡಿನ್ ಆಗಲು ಸ್ಟ್ರೆಂತ್, ಕರಿಸ್ಮಾ ಎರಡೂ 13. ಗೇಮ್‌ನಲ್ಲಿ ಆ ಷರತ್ತೇ ಇಲ್ಲ. ಒಂದೇ ಲೆವೆಲ್ ವಿಝಾರ್ಡ್ ಕೂಡ ಅಲ್ಲಿ ಸ್ಲಾಟ್ ಇರುವಷ್ಟು ಎತ್ತರದ ಮಂತ್ರಗಳನ್ನು ಸುರುಳಿಯಿಂದ ಬರೆದುಕೊಳ್ಳಬಹುದು, ಮೇಜಿನ ಮೇಲೆ ಅದಕ್ಕೆ ಮೊದಲ ಹಂತವೇ ಮಿತಿ. ವಾರ್ಲಾಕ್‌ನ ಹೆಚ್ಚುವರಿ ಹೊಡೆತ ಫೈಟರ್‌ನದರ ಜೊತೆ ಸೇರಿ ಮೂರಾಗುವುದೂ ಅಲ್ಲಿ ಉಂಟು. ಆನರ್ ಮೋಡ್ ಎಂಬ ಕಠಿಣ ಹಂತದಲ್ಲಿ ಮಾತ್ರ ಅದನ್ನು ಕಿತ್ತುಹಾಕಿದ್ದಾರೆ. ಇನ್ನು 2014ರ ಪುಸ್ತಕದಲ್ಲಿ ಮಲ್ಟಿಕ್ಲಾಸ್ ಎಂಬುದೇ ಐಚ್ಛಿಕ ನಿಯಮ, ಡಿಎಂ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ.

2024ರ ಪುಸ್ತಕ ಕೆಲವು ಹಳೆಯ ಸತ್ಯಗಳನ್ನೇ ತಪ್ಪು ಮಾಡಿತು. ಒಂದು ಸರದಿಯಲ್ಲಿ ಸ್ಲಾಟ್ ಖರ್ಚಿನ ಒಂದೇ ಮಂತ್ರ ಎಂದು ಹತ್ತು ವರ್ಷ ಹಲವರು ನಂಬಿದ್ದರು. ಆಗ ಅದು ಸುಳ್ಳು: ಎರಡು ಲೆವೆಲ್ ಫೈಟರ್ ಆಗಿದ್ದ ವಿಝಾರ್ಡ್ ಅದೇ ಸರದಿಯಲ್ಲಿ ಇನ್ನೊಂದು ಕ್ರಿಯೆ ಕೊಡುವ ‘ಆ್ಯಕ್ಷನ್ ಸರ್ಜ್’ ಬಳಸಿ ಒಂದೇ ಉಸಿರಿಗೆ ಎರಡು ಫೈರ್‌ಬಾಲ್ ಎಸೆಯಬಹುದಿತ್ತು. ಈಗ ಅದೇ ನಿಯಮ, ಆ್ಯಕ್ಷನ್ ಸರ್ಜ್‌ನಿಂದ ಮಂತ್ರ ಹಾಕುವಂತೆಯೂ ಇಲ್ಲ.

ಬಾರ್ಬೇರಿಯನ್-ಪ್ಯಾಲಡಿನ್ ಜೋಡಿಗೆ ಬಿದ್ದ ಪೆಟ್ಟು ಇನ್ನೂ ದೊಡ್ಡದು. ರೇಜ್‌ನಲ್ಲಿರುವಾಗ ಮಂತ್ರ ಹಾಕುವಂತಿಲ್ಲ, ಇದು ಎರಡೂ ಪುಸ್ತಕದಲ್ಲಿದೆ. ಆದರೆ 2014ರಲ್ಲಿ ಹೊಡೆತದ ಪೆಟ್ಟು ಹೆಚ್ಚಿಸುವ ಪ್ಯಾಲಡಿನ್‌ನ ‘ಡಿವೈನ್ ಸ್ಮೈಟ್’ ಸ್ಲಾಟ್ ತಿನ್ನುತ್ತಿದ್ದರೂ ಮಂತ್ರವಾಗಿರಲಿಲ್ಲ. ರೇಜ್‌ನಲ್ಲಿ ರೆಕ್‌ಲೆಸ್ ಆಗಿ ನುಗ್ಗಿ, ಎರಡು ದಾಳದಲ್ಲಿ ಒಂದಾದರೂ 20 ಬೀಳುವ ಶೇಕಡಾ 9.75ರ ಅವಕಾಶಕ್ಕೆ ಕಾದು, ಬಿದ್ದ ಕೂಡಲೇ ಸ್ಮೈಟ್ ದಾಳಗಳನ್ನು ದುಪ್ಪಟ್ಟು ಮಾಡಿ ಸುರಿಯುವುದು ಆ ಜೋಡಿಯ ಬೆಡಗು. 2024ರಲ್ಲಿ ಸ್ಮೈಟ್ ಮಂತ್ರವಾಯಿತು, ಬೋನಸ್ ಆ್ಯಕ್ಷನ್ ಬೇಡಲು ಶುರು ಮಾಡಿತು. ಹಳೆಯ ಪುಸ್ತಕ ನೋಡಿ ಈ ಪಾತ್ರ ಕಟ್ಟಿಕೊಂಡವನು ಹೊಸ ಪುಸ್ತಕದ ಮೇಜಿಗೆ ಬಂದರೆ, ಕಾಳಗ ಶುರುವಾಗುವ ಮೊದಲೇ ರೇಜ್ ಬೇಕೋ ಸ್ಮೈಟ್ ಬೇಕೋ ಎಂದು ಆರಿಸಿಕೊಳ್ಳಬೇಕು.